ಕ್ಯಾರೆಟ್ ಮುರಿದ ಸದ್ದು

ಭಾವನವರಿಗೆ,

ನಿನ್ನೆ ಬೆಳಗ್ಗೆಯಿಂದ ನನ್ನ ಎಡ ಪಾದವನ್ನು ಮೇಲೆತ್ತಲು ಆಗುತ್ತಿಲ್ಲ. ಸ್ಕ್ಯಾನ್ ನೋಡಿದ ನರರೋಗ ವೈದ್ಯೆ ಶುಕ್ರವಾರವೇ ಶಸ್ತ್ರಚಿಕಿತ್ಸೆ ಆಗಬೇಕೆಂದು ಬರೆದುಕೊಟ್ಟಿದ್ದಾರೆ.

"ಡಿಸ್ಕ್ ಜಾರಿದೆ, ತಳ್ಳಿ ಕೂರಿಸ್ತೀನಿ" ಎಂದು ನಿಮ್ಮ ಕ್ಲಿನಿಕ್ಕಿನಲ್ಲಿ ನನ್ನ ಬೆನ್ನು ತಿರುಚಿದ್ದಿರಿ. ಅದು ಜಾರುವ ಬಿಲ್ಲೆಯಲ್ಲವಂತೆ. ಮೂಳೆಗಳ ನಡುವಿನ ಮೆತ್ತೆ ಒಡೆದು, ಒಳಗಿನ ತಿರುಳು ನರವನ್ನು ಒತ್ತುತ್ತಿದೆ. ನಿಮ್ಮಂಥವರ ಕೈಚಿಕಿತ್ಸೆಯಿಂದ ಕೆಲವರಿಗೆ ನೋವು ಇಳಿಯುವುದುಂಟು, ಆದರೆ ಕಾಲು ಸೋತವರ ಬೆನ್ನು ತಿರುಚಬಾರದು ಎಂದರು ವೈದ್ಯೆ. ಕಾಲು ಎಳೆಯುತ್ತಿದೆ ಎಂದು ನಾನು ಮೊದಲೇ ಹೇಳಿದ್ದೆ. ನೀವು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದಿರಿ.

ಆ ವಿಡಿಯೊ ಇನ್ನೂ ನಿಮ್ಮ ಕ್ಲಿನಿಕ್ಕಿನ ಪುಟದಲ್ಲಿದೆ. ನೋವು ಹೋಯಿತೆಂದು ತೋರಿಸಲು ನೀವು ಹೇಳಿದಿರೆಂದು ಹಲ್ಲು ಕಚ್ಚಿ ಎರಡು ಹೆಜ್ಜೆ ಕುಣಿದೆನಲ್ಲ, ಅದನ್ನು ನಮ್ಮ ಗೋದಾಮಿನ ಮೇಲ್ವಿಚಾರಕ ನೋಡಿದ್ದಾನೆ. "ಇಷ್ಟು ಚೆನ್ನಾಗಿ ಕುಣೀತೀರಲ್ಲ, ಪಾರ್ಸೆಲ್ ಎತ್ತೋಕೇನು ಧಾಡಿ?" ಎಂದು ರಜೆ ಅರ್ಜಿ ತಡೆಹಿಡಿದಿದ್ದಾನೆ. ರಜೆ ಸಿಗದಿದ್ದರೆ ಕೆಲಸ ಹೋಗುತ್ತದೆ.

ವಿಡಿಯೊದಲ್ಲಿ ಕೇಳುವ 'ಟಕ್' ಸದ್ದೂ ನನ್ನ ಬೆನ್ನಿನದಲ್ಲ. "ಅದು ಕ್ಯಾರೆಟ್ ಕಣೇ, ವಿಡಿಯೊಗೆ ಸದ್ದು ಸೇರಿಸೋಕೆ ನಾನೇ ಮುರಿದಿದ್ದು" ಎಂದು ಅಕ್ಕ ನಕ್ಕಳು. ಆಮೇಲೆ ಅವಳು ನನ್ನ ಪಾದ ನೋಡಿದಳು. ಮತ್ತೆ ನಗಲಿಲ್ಲ.

ವಿಡಿಯೊ ತೆಗೆಯಿರಿ. ಕುಣಿಸಿದ್ದು ನೀವೇ ಎಂದು ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿ. ನನ್ನನ್ನು ನೋಡಲು ಬರುವುದು ಬೇಡ.

ಗುರುವಾರ ಹತ್ತು ಗಂಟೆಗೆ ಗೋದಾಮಿನ ಕಚೇರಿಯಲ್ಲಿ ರಜೆಯ ವಿಚಾರಣೆ. ಸಾಕ್ಷಿ ಹೇಳಲು ಅಕ್ಕ ಬರುತ್ತಾಳೆ.

ಇಂತಿ,
ನಿಮ್ಮ ಹೆಂಡತಿಯ ತಂಗಿ