ಹೊರಗಿನ ಎಲೆ

ಕಾವೂರು, ಮಂಗಳೂರು
10 ಜುಲೈ 1983

ಸೌಭಾಗ್ಯವತಿ ಶಶಿಪ್ರಭಾ,

ನಿನ್ನ ಕಾರ್ಡು ತಲುಪಿತು. ‘ಆಟಿಗೆ ನಾನು ಎಲ್ಲಿಗೂ ಬರುವುದಿಲ್ಲ ಮಾವ, ಅಮ್ಮ ಇಲ್ಲದ ಮೇಲೆ ಅದೆಲ್ಲ ಯಾಕೆ, ನೀವು ತೊಂದರೆ ತೆಗೆದುಕೊಳ್ಳಬೇಡಿ’ ಎಂದು ಬರೆದಿದ್ದೀ. ಅರ್ಧ ಕಾರ್ಡು ಖಾಲಿ ಉಳಿದಿತ್ತು. ಕಡಿಮೆ ಮಾತಿನ ಈ ಅಭ್ಯಾಸ ನಿನಗೆ ನನ್ನಿಂದಲೇ ಬಂದದ್ದಿರಬೇಕು. ಆದ್ದರಿಂದ ಈ ಸಲ ನಾನು ಉದ್ದವಾಗಿ ಬರೆಯುತ್ತೇನೆ.

ಜನವರಿಯಲ್ಲಿ ನಿನ್ನ ಮದುವೆಯ ಊಟದ ಪಂಕ್ತಿಯಲ್ಲಿ ಅಳಿಯ ಚಿತ್ತರಂಜನನ ದೊಡ್ಡಮ್ಮ ಪಕ್ಕದವರಿಗೆ ಹೇಳಿದ ಮಾತು ನಿನಗೂ ಕೇಳಿಸಿತ್ತು, ಬಡಿಸುತ್ತಿದ್ದ ನನಗೂ ಕೇಳಿಸಿತ್ತು. ‘ಹುಡುಗಿ ಚಂದ ಉಂಟು. ಆದರೆ ತಾಯಿ ಇಲ್ಲ, ಆಟಿ ಕೂರಲಿಕ್ಕೆ ಎಲ್ಲಿಗೆ ಹೋಗ್ತಾಳೆ? ಮದುವೆಯಾಗದ ಆ ಮಾವನ ಮನೆಗಾ? ಅಲ್ಲಿ ಇವಳೇ ಬೇಯಿಸಿ ಅವರಿಗೆ ಬಡಿಸಬೇಕಷ್ಟೆ.’ ಮದುವೆಯ ಮೊದಲ ವರ್ಷ ಹೆಣ್ಣನ್ನು ತಾಯಿಮನೆಯವರು ಬಂದು ಆಟಿ ತಿಂಗಳಿಗೆ ಕರೆದೊಯ್ಯುವುದು, ಮಳೆಯ ಆ ದಿನಗಳಲ್ಲಿ ಅವಳು ಕೆಲಸವಿಲ್ಲದೆ ಕುಳಿತು ಉಂಡು ಬರುವುದು, ನಮ್ಮಲ್ಲಿ ಯಾರೂ ಬರೆದಿಡದ ಒಂದು ಹಕ್ಕು. ಆ ಮಾತಿಗೆ ನೀನು ತಲೆ ಎತ್ತಲಿಲ್ಲ. ಎಲೆಯ ಮೇಲಿದ್ದ ಉಪ್ಪಿನಕಾಯಿಯನ್ನು ಅನ್ನದಿಂದ ಮುಚ್ಚುತ್ತಾ ಕುಳಿತೆ. ನಾನು ಸಾರಿನ ಬಾಲ್ದಿ ಹಿಡಿದು ಮುಂದೆ ಹೋದೆ. ಆ ಸಾಲು ಮುಗಿಯುವ ಮೊದಲೇ ನನ್ನ ನಿರ್ಧಾರವಾಗಿತ್ತು.

ನಿನ್ನ ಅಮ್ಮನ ಆಟಿ ಎಂದರೆ ಪತ್ರೊಡೆ. ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುವ ಅಂಗೈ ಅಗಲದ ಕೆಸುವಿನ ಎಲೆ ಜಲಜಕ್ಕನಿಗೆ ಆಗುತ್ತಿರಲಿಲ್ಲ. ಜೆಪ್ಪುವಿನ ಬಾಡಿಗೆ ಮನೆಯ ಹಿತ್ತಿಲಿನಲ್ಲಿ, ಅವಳು ತೇವು ಎನ್ನುತ್ತಿದ್ದ ಅದೇ ಕೆಸುವಿನ, ಅವಳದೇ ಗಿಡಗಳಿದ್ದವು. ಎಲೆಗೆ ಅರೆದ ಹಿಟ್ಟು ಸವರುತ್ತಾ ಅವಳು ಹೇಳುವುದಿತ್ತು: ‘ಒಳಗಿನ ಎಲೆ ಹೇಗಿದ್ದರೂ ಆದೀತು ಮಾರಾಯ. ಹೊರಗಿನದ್ದು ಮಾತ್ರ ಆನೆಯ ಕಿವಿಯಷ್ಟು ಇರಬೇಕು. ಇಲ್ಲದಿದ್ದರೆ ಸುರುಳಿ ಬಿಚ್ಚಿ ಒಳಗಿನದ್ದೆಲ್ಲ ಹೊರಗೆ ಬರ್ತದೆ.’ ಅವಳು ಹೋದ ಮೇಲೆ ನೀನು ಕಾವೂರಿನಲ್ಲಿ ನನ್ನ ಜೊತೆ ಕಳೆದ ಎರಡು ಆಟಿಗಳಲ್ಲಿ ನಾವಿಬ್ಬರೂ ಪತ್ರೊಡೆಯ ಹೆಸರೆತ್ತಲಿಲ್ಲ.

ಫೆಬ್ರವರಿಯಲ್ಲಿ ಜೆಪ್ಪುವಿಗೆ ಹೋಗಿ, ನಿಮ್ಮ ಮನೆಯ ಒಡತಿ ಮಗ್ದಲೀನ್ ಬಾಯಿಯ ಹತ್ತಿರ ತೇವಿನ ಗಡ್ಡೆ ಕೇಳಿದೆ. ಅವರು ಹಾರೆಯನ್ನು ನನ್ನ ಕೈಗೇ ಕೊಟ್ಟು, ‘ಜಲಜಕ್ಕನ ತೇವನ್ನು ನಾವು ಈಗಲೂ ತಿನ್ನುತ್ತೇವೆ. ಒಂಟಿ ಗಂಡಸಿಗೆ ಇದು ಎಂತಕ್ಕೆ ಇಂಜಿನಿಯರೇ?’ ಎಂದರು. ಕಾರಣ ಹೇಳಿದೆ. ಅವರು ಬೇರೆ ಏನೂ ಕೇಳದೆ ದಪ್ಪ ಗಡ್ಡೆಗಳನ್ನು ಆರಿಸಿ ಚೀಲಕ್ಕೆ ಹಾಕಿದರು.

ಬಂದರಿನಲ್ಲಿ ನನ್ನ ಕೆಲಸವೇನೆಂದು ನಿನಗೆ ಗೊತ್ತು. ನಿಂತ ನೀರನ್ನು ಹೊರಗೆ ಹಾಕುವುದು. ಇಷ್ಟು ವರ್ಷ ಅದನ್ನೇ ಮಾಡಿದ ಕೈ ಹಿತ್ತಿಲಿನಲ್ಲಿಯೂ ಅದನ್ನೇ ಮಾಡಿತು. ನೆಲವನ್ನು ಎತ್ತರಿಸಿ, ಅಡಿಗೆ ಜಲ್ಲಿ ಹಾಸಿ, ನಲವತ್ತಕ್ಕೆ ಒಂದು ಇಳಿಜಾರು ಕೊಟ್ಟು, ಹನಿ ನೀರೂ ನಿಲ್ಲದಂಥ ಮಡಿ ಕಟ್ಟಿದೆ. ಗೊಬ್ಬರ ಹಾಕಿದೆ, ಬೆಳಿಗ್ಗೆ ಸಂಜೆ ನೀರೆರೆದೆ. ಏಪ್ರಿಲ್ ಮುಗಿಯುತ್ತಾ ಬಂದರೂ ಎಲೆಗಳು ವೀಳ್ಯದೆಲೆಗಿಂತ ದೊಡ್ಡವಾಗಲಿಲ್ಲ. ಅಂಚು ಸುಟ್ಟು ಮುದುಡಿದವು. ಗೊಬ್ಬರ ಬದಲಿಸಿದೆ. ಪ್ರಯೋಜನವಾಗಲಿಲ್ಲ.

ನೆಡುವಾಗ ಅರ್ಧ ಕೊಳೆತಿದ್ದ ಒಂದು ಗಡ್ಡೆಯನ್ನು ಬಚ್ಚಲುಮನೆಯ ಹಿಂದೆ ಎಸೆದಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ ಆ ಕಡೆ ಹೋದಾಗ ಅಲ್ಲಿ ಒಂದು ಎಲೆ ನನ್ನ ಮೊಣಕಾಲಿಗಿಂತ ಎತ್ತರಕ್ಕೆ ನಿಂತಿತ್ತು. ಮೊರದಷ್ಟು ಅಗಲ. ನಾನೇ ಕಟ್ಟಿಸಿದ ಸಿಮೆಂಟಿನ ಚರಂಡಿ ಅಲ್ಲಿ ಬಿರುಕು ಬಿಟ್ಟಿತ್ತು, ಸ್ನಾನದ ನೀರು ಸೋರಿ ನೆಲ ಕೆಸರಾಗಿತ್ತು, ಮೇಲೆ ಹಲಸಿನ ಮರದ ನೆರಳು. ಆಗ ನಿನ್ನ ಅಮ್ಮನ ಗಿಡಗಳು ಎಲ್ಲಿದ್ದವೆಂದು ನೆನಪಾಯಿತು. ಜೆಪ್ಪುವಿನ ಬಚ್ಚಲಿನ ನೀರು ಹೋಗಿ ನಿಲ್ಲುತ್ತಿದ್ದ ಹೊಂಡದ ಸುತ್ತ. ಹೋದಾಗಲೆಲ್ಲ ಆ ಹೊಂಡಕ್ಕೆ ಒಂದು ಪೈಪು ಹಾಕಿಸಿಕೊಡುತ್ತೇನೆ ಎಂದು ನಾನು ಹೇಳುತ್ತಿದ್ದೆ. ‘ನಿನ್ನ ಪೈಪು ಬಂದರಿನಲ್ಲೇ ಇರಲಿ’ ಎಂದು ಅವಳು ನಗುತ್ತಿದ್ದಳು.

ಮರುದಿನ ಉಳಿ, ಸುತ್ತಿಗೆ ಹಿಡಿದು ಕುಳಿತು ಚರಂಡಿಯನ್ನು ಒಡೆದೆ. ಒಳ್ಳೆಯ ಸಿಮೆಂಟು, ಸುಲಭಕ್ಕೆ ಬಿಡಲಿಲ್ಲ. ಮಡಿಯಿಂದ ಜಲ್ಲಿ ತೆಗೆದೆ, ಗಡ್ಡೆಗಳನ್ನು ಹಲಸಿನ ನೆರಳಿಗೆ ತಂದು ತಗ್ಗಿನಲ್ಲಿ ನೆಟ್ಟೆ, ಬಚ್ಚಲಿನ ನೀರನ್ನು ಅವುಗಳ ಬುಡಕ್ಕೆ ತಿರುಗಿಸಿದೆ. ಹಟ್ಟಿಗೊಬ್ಬರ, ಒಲೆಯ ಬೂದಿ, ಮೇಲೆ ತರಗೆಲೆಯ ಹೊದಿಕೆ. ಬುಡದಲ್ಲಿ ಏಳುವ ಮರಿಗಳನ್ನು ಆಗಾಗ ಬಿಡಿಸಿ ಬೇರೆ ನೆಟ್ಟರೆ ತಾಯಿಗಿಡದ ಎಲೆ ದೊಡ್ಡದಾಗುತ್ತದೆ. ಹಳದಿಗೆ ತಿರುಗಿದ ಎಲೆಯನ್ನು ಕೂಡಲೇ ತೆಗೆಯಬೇಕು. ಜೂನಿನ ಮಳೆ ಹಿಡಿದ ಮೇಲೆ ನಾನು ಮಾಡುವಂಥದ್ದು ಹೆಚ್ಚೇನೂ ಉಳಿಯಲಿಲ್ಲ. ನಿನ್ನೆ ಒಂದು ಎಲೆಯನ್ನು ತಂದು ಡ್ರಾಯಿಂಗ್ ಬೋರ್ಡಿನ ಮೇಲೆ ಹರಡಿದೆ. ಅರ್ಧ ಬೋರ್ಡು ಮುಚ್ಚಿತು.

ಗಿಡ ಬೆಳೆದರೆ ಸಾಲದು. ಪತ್ರೊಡೆಯೂ ಆಗಬೇಕು, ಅದೂ ನಿನ್ನ ಕೈ ತಾಗದೆ. ನೀನೇ ಬೇಯಿಸಿ ಬಡಿಸಬೇಕು ಎಂದ ಆ ದೊಡ್ಡಮ್ಮನ ಮಾತಿನ ದ್ವಿತೀಯಾರ್ಧಕ್ಕೆ ಅದೇ ಉತ್ತರ. ಅಕ್ಕಿ ನೆನೆಸಿ, ಕಲ್ಲಿನಲ್ಲಿ ಅರೆದು, ದಪ್ಪ ನರ ಕೊಯ್ದು, ಎಲೆಯ ಮೇಲೆ ಎಲೆಯಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ, ಮೊದಲನೆಯದನ್ನು ಮಗ್ದಲೀನ್ ಬಾಯಿಗೆ ಕೊಂಡುಹೋದೆ. ಅವರು ಒಂದು ತುಂಡು ಬಾಯಿಗೆ ಹಾಕಿ, ಗಂಡ ಸೆವರಿನ್ ಅವರ ಹತ್ತಿರ ಬೆಲ್ಲದ ಡಬ್ಬಿ ತರಲು ಹೇಳಿದರು. ಗಂಟಲು ಸರಿಯಾದ ಮೇಲೆ ಕೇಳಿದರು: ‘ಇಂಜಿನಿಯರೇ, ನೀವು ಇದಕ್ಕೆ ಹುಳಿ ಹಾಕಿದ್ದಾ, ಹುಳಿಯ ನಕ್ಷೆ ಹಾಕಿದ್ದಾ?’ ನನ್ನ ಗಂಟಲಿನ ತುರಿಕೆಯೂ ಸಂಜೆಯ ತನಕ ಇತ್ತು. ತೇವಿನ ತುರಿಕೆಯನ್ನು ಇಳಿಸುವುದು ಹುಣಸೆಹುಳಿ ಎಂಬುದು ತಿಳಿದಿತ್ತು. ಎಷ್ಟು ಎಂಬುದು ತಿಳಿದಿರಲಿಲ್ಲ. ಈಗ ತಿಳಿದಿದೆ. ಕಳೆದ ಭಾನುವಾರ ಒಯ್ದದ್ದರಲ್ಲಿ ಅವರು ಎರಡನೆಯ ತುಂಡನ್ನು ಕೇಳದೆಯೇ ತೆಗೆದುಕೊಂಡರು.

ಬರುವ ಶುಕ್ರವಾರ, ಆಟಿ ಹಿಡಿಯುವ ಮೊದಲು, ನಿನ್ನನ್ನು ಕರೆದೊಯ್ಯಲು ಕಾರ್ಕಳಕ್ಕೆ ಬರುತ್ತೇನೆ. ನಿನ್ನ ಅತ್ತೆ ಮಾವನವರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಮಗ್ದಲೀನ್ ಬಾಯಿಯೂ ಜೊತೆಗೆ ಬರುತ್ತಾರೆ. ‘ಹೆಣ್ಣು ಕರೆಯಲಿಕ್ಕೆ ಗಂಡಸು ಒಬ್ಬನೇ ಹೋಗುವುದಾ? ಜಲಜಕ್ಕ ನನ್ನನ್ನು ಬೈಯ್ತಾಳೆ. ಸೀರೆಗೆ ಇಸ್ತ್ರಿ ಹಾಕಿ ಆಯ್ತು’ ಎಂದಿದ್ದಾರೆ. ಬೇಡವೆನ್ನಲು ನನಗೆ ಧೈರ್ಯವಿಲ್ಲ. ನಿನ್ನ ಮನೆಯವರಿಗೆ ಇದು ವಿಚಿತ್ರವೆನಿಸಬಹುದು. ಅನಿಸಲಿ.

ತೊಂದರೆ ತೆಗೆದುಕೊಳ್ಳಬೇಡಿ ಎಂದು ಬರೆದಿದ್ದೀ. ತೆಗೆದುಕೊಂಡಾಗಿದೆ, ಶಶಿ. ಅದು ತೊಂದರೆಯಾಗಿರಲಿಲ್ಲ. ನೀನು ಇಲ್ಲಿದ್ದಾಗ ನಿನ್ನೊಡನೆ ಮಾತಾಡಬೇಕಾಗಿದ್ದ ಎಷ್ಟೋ ಸಂಜೆ ಪೇಪರ್ ಓದುತ್ತಾ ಕುಳಿತವನು ನಾನು. ಈ ಐದು ತಿಂಗಳು ಆ ಗಿಡಗಳ ಬುಡದಲ್ಲಿ ಕೂತಾಗ ನನಗೆ ಓದಲು ಏನೂ ಇರಲಿಲ್ಲ. ನಿನ್ನ ಬಗ್ಗೆಯೇ ಯೋಚಿಸಿದೆ.

ಬರುವಾಗ ಹತ್ತು ದೊಡ್ಡ ಎಲೆಗಳನ್ನು ಕಟ್ಟಿಕೊಂಡು ತರುತ್ತೇನೆ. ಚಿತ್ತರಂಜನನ ದೊಡ್ಡಮ್ಮ ಇದ್ದರೆ ಅವರ ಕೈಗೇ ಕೊಡುತ್ತೇನೆ. ಇಷ್ಟು ದೊಡ್ಡ ತೇವು ಎಲ್ಲಿಯದು ಎಂದು ಅವರು ಕೇಳದೆ ಇರಲಾರರು. ಆಗ ನಾನು ಸುಮ್ಮನಿರುತ್ತೇನೆ, ಮಗ್ದಲೀನ್ ಬಾಯಿಗೂ ಸುಮ್ಮನಿರಲು ಹೇಳಿದ್ದೇನೆ. ನೀನು ಮಾತ್ರ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಬೇಕು: ‘ನನ್ನ ತಾಯಿಮನೆಯದ್ದು.’

ಪೆಟ್ಟಿಗೆ ಕಟ್ಟಿಡು. ನೂರು ಕಾಲ ನೆಮ್ಮದಿಯಿಂದ ಬಾಳು.

ಕಾವೂರಿನ ಬಾಗಿಲು ತೆರೆದಿಟ್ಟುಕೊಂಡಿರುವ,
ನಿನ್ನ ಸೋದರಮಾವ
ಮಹಾಬಲ