ಮೇಜಿನ ಕೆಳಗಿನ ಸ್ವಿಚ್ಚು

ಆಗಸ್ಟ್ 8, ಗುರುವಾರ. ಒರೂರೊ.

ಲಿಂಬರ್, ಮೂರು ವರ್ಷ. ಥೆರಪಿಗೆ ಹನ್ನೊಂದನೆಯ ಸಲ. ಕೈಕಾಲು ಬಿಗಿತ, ಮಾತಿಲ್ಲ. ಡೋಲು ಬಾರಿಸುವ ಆಟಿಕೆ ಕರಡಿಯನ್ನು ಮೇಜಿನ ಮೇಲಿಟ್ಟೆ. ಕೆಂಪು ಸ್ವಿಚ್ಚು ಒತ್ತಿದರೆ ಬಾರಿಸುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ನಾನು ಮಾಡಿದ್ದರಿಂದ ಇದಾಯಿತು — ಮಗುವಿಗೆ ಅಷ್ಟು ಹೊಳೆದರೆ ಸಾಕು. ಒತ್ತಲಿಲ್ಲ. ರಿಪೋರ್ಟಿನಲ್ಲಿ ಬರೆದೆ: ಕಾರಣ–ಪರಿಣಾಮದ ಅರಿವು ಕಂಡಿಲ್ಲ.

ಆಗಸ್ಟ್ 15

ತಾಯಿ ಕಸಿಮೀರಾ ಜೊತೆ ಈ ಸಲ ಅವಳ ಅತ್ತೆಯೂ ಬಂದಿದ್ದಳು. ಬಸೀಲಿಯಾ. ಟೋಪಿ ತೆಗೆಯದೆ ಕುಳಿತಳು.

"ಮೂರು ತಿಂಗಳಿಂದ ಇವನ್ನ ಹೊತ್ಕೊಂಡು ಬರ್ತಿದ್ದೀಯಲ್ಲ, ಆ ಕರಡಿಗಾದ್ರೂ ಬುದ್ಧಿ ಬಂತೇನೇ?"

"ಸುಮ್ನಿರಿ ಅತ್ತೆ. ಮೇಡಮ್ಮೋರು ಕಲಿಸ್ತಿದಾರೆ."

"ಕಲ್ಲಿಗೆ ಯಾರು ಕಲಿಸ್ತಾರೆ? ಮುಂದಿನ ವಾರದಿಂದ ನೆಟ್ಟಗೆ ಅಂಗಡಿಗೆ ಬಾ."

ಕಸಿಮೀರಾ ತಲೆ ತಗ್ಗಿಸಿದಳು. ಮೇಜಿನ ಕೆಳಗೆ ಇನ್ನೊಂದು ಸ್ವಿಚ್ಚಿದೆ, ಕಾಲಿನಿಂದ ಒತ್ತುವ ಮಕ್ಕಳಿಗಾಗಿ. ಅದರ ತಂತಿಯೂ ಕರಡಿಗೇ ಸೇರಿತ್ತು. ಲಿಂಬರನ ಮುಷ್ಟಿ ಕೆಂಪು ಸ್ವಿಚ್ಚಿನ ಪಕ್ಕಕ್ಕೆ ಬಿತ್ತು. ಅದೇ ಕ್ಷಣ ನನ್ನ ಕಾಲು ಒತ್ತಿತು. ಅಲ್ಲ — ನಾನು ಒತ್ತಿದೆ.

"ನೋಡಿದ್ರಾ ಅತ್ತೆ! ನನ್ ಮಗ ಬಾರಿಸ್ದ!"

ಮುದುಕಿ ಮುಂದಕ್ಕೆ ಬಾಗಿದಳು. "ಎಲಾ ಕಳ್ಳ! ಇನ್ನೊಂದ್ಸಲ ಬಾರ್ಸೋ, ನೋಡಾಣ."

ಇನ್ನೊಂದು ಸಲ ಒತ್ತಿದೆ.

ಆಗಸ್ಟ್ 22

ಇವತ್ತು ನಾಲ್ಕು ಸಲ. ಕಸಿಮೀರಾ ತನ್ನ ಅಂಗಡಿಯಿಂದ ಆಪಿ ತಂದಿದ್ದಳು — ನೇರಳೆ ಮೆಕ್ಕೆಜೋಳದ ಗಂಜಿ, ಇನ್ನೂ ಬಿಸಿ. ಕುಡಿದೆ. ಕರಡಿಯನ್ನು, ಕೆಂಪು ಸ್ವಿಚ್ಚನ್ನು ಮನೆಗೆ ಕೊಡಿ ಎಂದು ಕೇಳಿದಳು. ಬೇಡ ಎನ್ನಲು ಒಂದು ಕಾರಣ ಬೇಕಿತ್ತು, ಸಿಗಲಿಲ್ಲ. ಕೊಟ್ಟೆ.

ಸೆಪ್ಟೆಂಬರ್ 5, ಬೆಳಗ್ಗೆ 11

ಹೋದ ವಾರ ಬಂದಿರಲಿಲ್ಲ. ಇವತ್ತು ಕಸಿಮೀರಾ, ಮಗು, ಕರಡಿ. ಲಿಂಬರನ ಮುಂಗೈ ಕೆಂಪಗಿತ್ತು. ಚಳಿಗಿರಬೇಕು ಅಂದುಕೊಂಡೆ... ಅಂದುಕೊಳ್ಳಲು ನೋಡಿದೆ.

"ಇಲ್ಲಿ ಬಾರಿಸ್ತಾನೆ, ಮನೇಲಿ ಬರೀ ಹಟ ಮೇಡಮ್ಮೋರೆ. ಅತ್ತೆ ಮುಂದೆ ನನ್ ಮಾನ ಕಳೀತಾನೆ. ಗೊತ್ತಿದ್ದೂ ಮಾಡಲ್ಲ ಅಂದ್ರೆ? ಕೈ ಮೇಲೆ ಎರಡು ಬಿಟ್ಟೆ."

"ಹೊಡೀಬೇಡಿ," ಎಂದೆ. ಏಕೆಂದು ಹೇಳಲಿಲ್ಲ.

ಎರಡೂ ತಂತಿ ಸಿಕ್ಕಿಸಿದೆ, ಅಭ್ಯಾಸವಾಗಿಬಿಟ್ಟಿದೆ. ಆದರೆ ಒತ್ತಲಿಲ್ಲ. ಲಿಂಬರ್ ಕೆಂಪು ಸ್ವಿಚ್ಚಿನತ್ತ ನೋಡಲೇ ಇಲ್ಲ. ಕಷ್ಟಪಟ್ಟು ಪಕ್ಕಕ್ಕೆ ವಾಲಿ, ಮೇಜಿನ ಕೆಳಗೆ ನನ್ನ ಬೂಟನ್ನು ನೋಡಿದ. ಆಮೇಲೆ ನನ್ನ ಮುಖವನ್ನು. "ಆ" ಎಂದ. ಮತ್ತೆ ಬೂಟು. ಕಾಯುತ್ತಿದ್ದ.

"ಏನೋ ಅಲ್ಲಿ, ಇಲಿ ಕಂಡ್ಯಾ?" ತಾಯಿ ನಗುತ್ತ ಅವನ ಗಲ್ಲ ಹಿಡಿದು ಮೇಲೆ ತಿರುಗಿಸಿದಳು. ಅವನು ಮತ್ತೆ ವಾಲಿದ.

ಯಾವುದರಿಂದ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಬಲ್ಲವರು ಇಬ್ಬರೇ. ಪೆಟ್ಟು ತಿಂದವನು ಅವನು.

ಸೆಪ್ಟೆಂಬರ್ 6

ರಿಪೋರ್ಟ್ ತೆಗೆದೆ. "ಅರಿವಿದೆ" ಎಂದು ತಿದ್ದಿದೆ. ಪಕ್ಕದಲ್ಲಿ, ಹೇಗೆ ಗಮನಿಸಿದಿರಿ ಎಂಬ ಖಾನೆ ಖಾಲಿಯಿದೆ.

ಸೋಮವಾರ ಅವರ ಅಂಗಡಿಗೇ ಹೋಗುವುದು. ಬಸೀಲಿಯಾ ಇರುತ್ತಾಳೆ, ಇರಲಿ. ಮಗು ಜಾಣ ಎಂದು ಶುರು ಮಾಡಬಾರದು. ಆ ಸಂತೋಷದಲ್ಲಿ ನನ್ನನ್ನು ಅಲ್ಲೇ ಕ್ಷಮಿಸಿಬಿಡುತ್ತಾರೆ. ಒತ್ತಿದ್ದು ನಾನು ಎಂಬುದು ಮೊದಲು. ಅವರು ಬಯ್ಯುವುದೆಲ್ಲ ಮುಗಿದ ಮೇಲೆ, ಕೇಳುವ ಮನಸ್ಸು ಇನ್ನೂ ಇದ್ದರೆ —