ದೊರೆಯ ಕೊರಳಲ್ಲಿ ಕಳಿಸಿದ್ದು

ಗುರುವಾರ, ಬೆಳಗಿನ ಹೊತ್ತು

ನಮ್ಮ ಮನೆಯವರಿಗೆ,

ನೀವು ಎಲ್ಲಿದ್ದರೂ ಚೆನ್ನಾಗಿರಿ ಅಂತ ಬರೆಯೋಕೆ ಕೂತೆ, ಎಲ್ಲಿ ಅನ್ನುವಲ್ಲಿಗೇ ಕೈ ನಿಂತುಬಿಟ್ಟಿತು. ನನ್ನ ಅಕ್ಷರ ಶಾಲೆ ಬಿಟ್ಟಾಗ ಇದ್ದ ಹಾಗೇ ಇದೆ, ಸಾಲು ಕೆಳಗೆ ಜಾರುತ್ತೆ. ಹೇಗೋ ಸುಧಾರಿಸಿಕೊಂಡು ಓದಿ.

ನೀವು ಹಡಗಿನ ಕೆಲಸಕ್ಕೆ ಅಂತ ಹೋದ ಮೇಲೆ ಕಂಪನಿ ವಿಳಾಸಕ್ಕೆ ಹಾಕಿದ ಪತ್ರಗಳೆಲ್ಲ ವಾಪಸ್ ಬಂದವು. ಫೋನೂ ಹತ್ತಲಿಲ್ಲ. ಸಮುದ್ರದ ಮಧ್ಯೆ ಸಿಗ್ನಲ್ ಎಲ್ಲಿರುತ್ತೆ ಅತ್ತಿಗೆ ಅಂತ ನಿಮ್ಮ ತಂಗಿ ಸಮಾಧಾನ ಹೇಳುತ್ತಿದ್ದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮತ್ತೆ ಮತ್ತೆ ಎದ್ದು ನೋಡುವವಳು ನಾನು. ಗಂಡ ಸಮುದ್ರದಲ್ಲಿದ್ದಾರೆ ಅಂದರೆ ಸುಮ್ಮನಿರುತ್ತೇನಾ? ಪರದೆ ಅಂಗಡಿಯಲ್ಲಿ ಹೊಲಿಗೆ ಹಾಕುವಾಗ ಹೊರಗೆ ಗಾಳಿ ಎದ್ದರೆ ಸಾಕು, ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದೆ.

ಹೀಗಿರುವಾಗ ದೊರೆ ಶುರು ಮಾಡಿದ. ನಿಮ್ಮ ದೊರೆಯೇ, ಮರಿಯಾಗಿದ್ದಾಗ ನೀವು ಚರಂಡಿಯಿಂದ ಎತ್ತಿ ಜೇಬಿನಲ್ಲಿ ತಂದ, ನಾನು ಹೆಸರಿಟ್ಟ ಬೆಕ್ಕು. ಒಂದು ಬೆಳಗ್ಗೆ ಎದ್ದರೆ ನಿಮ್ಮ ದಿಂಬಿನ ಮೇಲೆ ನಿಮ್ಮ ಕಂದು ಕಾಲುಚೀಲ. ನೀವು ಹೊರಡುವಾಗ ಅದನ್ನು ಪೆಟ್ಟಿಗೆಗೆ ತುಂಬಿದವಳು ನಾನೇ. ಒಂದು ಕೆಳಗೆ ಬಿದ್ದುಹೋಗಿತ್ತೇನೋ ಅಂದುಕೊಂಡೆ. ಆಮೇಲೆ ಅದರ ಜೋಡಿಯೂ ಬಂತು. ನಾನೇ ಅಂಚು ಹೊಲಿದ ಕರವಸ್ತ್ರ ಬಂತು. ಕೊನೆಗೆ ಬನಿಯನ್, ಒದ್ದೆ ಒದ್ದೆ. ಬಾಗಿಲಿಗೆ ಹಾಕಿದ ಚಿಲಕ ಹಾಕಿದ ಹಾಗೇ ಇರುತ್ತಿತ್ತು. ದೊರೆ ಬಚ್ಚಲಿನ ಸಣ್ಣ ಕಿಟಕಿಯಿಂದ ನುಸುಳಿ ಬಂದು, ನೀವು ಮಲಗುವ ಕಡೆಗೇ ಇಟ್ಟು, ಪಕ್ಕದಲ್ಲಿ ಕೂತು, ದಿಂಬಿಗಿಂತ ಸ್ವಲ್ಪ ಮೇಲೆ ನೋಡುತ್ತಿದ್ದ. ಅಲ್ಲಿ ಯಾರದೋ ಮುಖ ಇದ್ದ ಹಾಗೆ.

ಬನಿಯನ್ ಒದ್ದೆ ಅಂದರೆ ನೀವು ನೀರಿನಲ್ಲಿದ್ದೀರಿ ಅಂತಲೇ ನನ್ನ ತಲೆಗೆ ಬಂದದ್ದು. ಉಪ್ಪಿದೆಯಾ ಅಂತ ನಾಲಿಗೆಗೆ ತಾಗಿಸಿ ನೋಡಿದೆ, ನಗಬೇಡಿ. ಉಪ್ಪಿರಲಿಲ್ಲ. ಸೋಪಿನ ವಾಸನೆ ಇತ್ತು, ನಮ್ಮ ಮನೆಗೆ ಯಾವತ್ತೂ ತರದ ಸೋಪು. ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಕರವಸ್ತ್ರ ತೋರಿಸಿದಾಗ ನಿಮ್ಮ ತಂಗಿಯ ಮುಖ ಬಿಳಿಚಿಕೊಂಡಿತು. ಇದು ಪೀಡೆ ಅತ್ತಿಗೆ, ಗೋಣಿಚೀಲಕ್ಕೆ ಹಾಕಿ ಸೇತುವೆ ಆಚೆ ಬಿಟ್ಟುಬನ್ನಿ, ತಿರುಗಿ ದಾರಿ ಸಿಗಬಾರದು, ನಿಮ್ಮ ಕೈಲಾಗದಿದ್ದರೆ ನಾನೇ ಬಿಡ್ತೀನಿ ಅಂದಳು. ಅವಳೇ ತಂದ ಚೀಲ ಅಡುಗೆಮನೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ನಾನು ಕೈ ಹಾಕುವ ಮೊದಲೇ ದೊರೆ ತಾನಾಗಿ ಒಳಗೆ ಹೋಗಿ ಕೂತ. ಚೀಲದ ಕತ್ತಲೆಯಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಎತ್ತಿಕೊಂಡು ಹೊರಟೆ. ಸೇತುವೆಗೆ ಕಾಲು ಹೋಗಲಿಲ್ಲ, ಪ್ರಾಣಿ ಡಾಕ್ಟರಮ್ಮನ ಹತ್ತಿರ ಹೋಯಿತು.

ಆಯಮ್ಮ ಬಲು ಜೋರು. ಏನಮ್ಮಾ, ಇದೇನು ಹಳೇ ಚಪ್ಪಲಿನಾ ಎಸೆದುಬರೋಕೆ ಅಂತ ಗದರಿದರು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ನಾಯಿಗೋ ಗಾಡಿಗೋ ಸಿಕ್ಕಿ ಸಾಯುತ್ತೆ, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದರೆ ಅಲೆದಾಟ ಕಡಿಮೆಯಾಗುತ್ತೆ ಅಂದರು. ಸಂಜೆ ಒಂದಿಷ್ಟು ಹೊತ್ತು ದಾರ ಹಿಡಿದು ಆಟ ಆಡಿಸು, ಕಚ್ಚಿಕೊಂಡು ತಿರುಗೋಕೆ ಅದರದೇ ಅಂತ ಒಂದು ಬಟ್ಟೆ ಕೊಡು. ನಿನಗೆ ಸಾಕಾಯಿತು ಅನ್ನಿಸಿದರೆ ಪರಿಚಯದವರ ಮನೆಯಲ್ಲಿ ಸ್ವಲ್ಪ ದಿನ ಇರಿಸು. ಆಗಲೇ ಇಲ್ಲ ಅಂದರೆ ಬೇರೆ ಮನೆ ಹುಡುಕೋಣ, ನಾನೂ ಹುಡುಕ್ತೀನಿ, ಆದರೆ ಆ ಮನೆ ಕಣ್ಣಾರೆ ನೋಡಿ, ಅದರ ತಟ್ಟೆ ಹೊದಿಕೆ ಸಮೇತ ಅವರ ಕೈಗೇ ಒಪ್ಪಿಸಿ ಬಾ ಅಂದರು.

ಬಟ್ಟೆಗಳ ವಿಷಯ ಹೇಳಿದೆ. ಸಮುದ್ರದಲ್ಲಿರುವವರ ಬಟ್ಟೆ ಅಂದೆ. ಡಾಕ್ಟರಮ್ಮ ನಕ್ಕೇಬಿಟ್ಟರು. ಕೆಲವು ಬೆಕ್ಕಿಗೆ ಬಟ್ಟೆ ಕದಿಯೋ ಚಟ ಇರುತ್ತೆ, ಅಕ್ಕಪಕ್ಕದ ಬೀದಿಗಳಿಂದ ತರುತ್ತೆ ಅಷ್ಟೇ, ನಿಮ್ಮ ದೊರೆ ಹಡಗು ಹತ್ತಲ್ಲಮ್ಮಾ ಅಂದರು. ನಾನೂ ನಕ್ಕೆ. ಬಾಗಿಲವರೆಗೂ ನಗುತ್ತಲೇ ಬಂದೆ.

ಮನೆಗೆ ಬರುವಾಗ ಪ್ರತಿ ಮಹಡಿಯಲ್ಲೂ ಹಗ್ಗ, ಪ್ರತಿ ಹಗ್ಗದಲ್ಲೂ ಬಟ್ಟೆ. ತಲೆಯಿಲ್ಲದ ಅಂಗಿಗಳು ಗಾಳಿ ತುಂಬಿಕೊಂಡು ಮೈ ಬಂದ ಹಾಗೆ ಎದ್ದು ಕೂರುವುದು ಕಣ್ಣಂಚಿಗೆ ಕಾಣುತ್ತಿತ್ತು. ಕತ್ತೆತ್ತಿ ನೋಡಲಿಲ್ಲ. ನೋಡಿದ್ದರೆ ಅದರಲ್ಲೊಂದು ನಿಮ್ಮದಾಗಿರುತ್ತಿತ್ತು.

ನಿಮ್ಮ ತಂಗಿಗೆ ಇದ್ದದ್ದು ಬೆಕ್ಕಿನ ಭಯ ಅಲ್ಲ, ಅದು ಹೋಗಿಬರುವ ದಾರಿಯ ಭಯ ಅಂತ ಈಗ ಗೊತ್ತಾಯಿತು. ನಿನ್ನೆಯೂ ಬಂದು ಇನ್ನೂ ಬಿಟ್ಟಿಲ್ಲವಾ ಅಂತ ಕೇಳಿದಳು. ನಾನು ಕೆಲಸಕ್ಕೆ ಹೋದಾಗ ಏನು ಮಾಡಿಬಿಡುತ್ತಾಳೋ ಅಂತ ಅಂಗಡಿಯಲ್ಲಿ ಬೆರಳಿಗೇ ಸೂಜಿ ಚುಚ್ಚಿಕೊಳ್ಳುತ್ತಾ ಕೂತಿದ್ದೆ. ಅವಳಿಗೆ ಹೇಳಿ, ದೊರೆಯ ತಂಟೆಗೆ ಬರಬಾರದು. ನಾನು ಅವನನ್ನು ಬಿಡುವುದಿಲ್ಲ. ಆಪರೇಷನ್‌ಗೆ ಹೇಳಿಬಂದಿದ್ದೇನೆ. ಆಮೇಲೂ ನಿಮ್ಮಲ್ಲಿಗೆ ಬಂದಾನು, ಬೇಡವಾದರೆ ಕಿಟಕಿ ಮುಚ್ಚಿಕೊಳ್ಳಿ, ಹೊಡೆಯಬೇಡಿ, ಹೊಡೆಯೋಕೆ ಯಾರಿಗೂ ಬಿಡಬೇಡಿ. ಅವನ ಹಿಂದೆ ನಾನು ಬರುವುದಿಲ್ಲ.

ಅವನು ಬಂದ ಕೂಡಲೇ ಈ ಕಾಗದವನ್ನು ಪರದೆ ಬಟ್ಟೆಯ ಚಿಕ್ಕ ಚೀಲದಲ್ಲಿಟ್ಟು ಕೊರಳಿಗೆ ಕಟ್ಟುತ್ತೇನೆ. ಎಲಾಸ್ಟಿಕ್ ಹಾಕಿದ್ದೇನೆ, ಎಲ್ಲಾದರೂ ಸಿಕ್ಕಿಕೊಂಡರೆ ಕಳಚಿಕೊಳ್ಳುತ್ತೆ. ಆದರೂ ಭಯವೇ. ತಲುಪಿದ ಅಂತ ಆ ಚೀಲಕ್ಕೊಂದು ಗಂಟು ಹಾಕಿ ಕಳಿಸಿ. ಮಾತು ಬೇಡ.

ನಿಮ್ಮ
ಇವಳು

ತಾ.ಕ.: ಕಾಗದ ಮಡಚುವಷ್ಟರಲ್ಲಿ ದೊರೆ ಬಂದ. ಈ ಸಲ ದಿಂಬಿನ ಕಡೆ ಹೋಗಲಿಲ್ಲ, ನನ್ನ ಮಡಿಲಿಗೆ ತಂದು ಹಾಕಿದ. ಮಗುವಿನ ಕಾಲುಚೀಲ, ನನ್ನ ಹೆಬ್ಬೆರಳಿನಷ್ಟು. ಇನ್ನೂ ಬೆಚ್ಚಗಿತ್ತು. ಧೂಳು ಕೊಡವಿ ಚೀಲದಲ್ಲೇ ಇಟ್ಟಿದ್ದೇನೆ, ಒಂದು ಕಾಲು ಬರಿದಾಗಿರುತ್ತೆ, ಹಾಕಿಬಿಡಿ. ಮಾತು ಕಲಿಯುವಾಗ ಮಗುವಿಗೆ ಇವನ ಹೆಸರು ಹೇಳಿಕೊಡಿ. ಹೆಸರಿಟ್ಟವರು ಯಾರು ಅಂತ ಹೇಳಬೇಕಾಗಿಲ್ಲ.